ಮಕ್ಕಳ ಫುಟ್‌ಬಾಲ್ ಕೋಚ್ ಆಗುವುದು ಹೇಗೆ: ಸಂಬಳವಿಲ್ಲದ ಶನಿವಾರಗಳಿಗೆ ಒಂದು ಮಾರ್ಗದರ್ಶಿ

ಯಾರೂ ಬೇಕು ಅಂತ ಮಕ್ಕಳ ಕೋಚ್ ಆಗುವುದಿಲ್ಲ. ಮಗನನ್ನೋ ಮಗಳನ್ನೋ ಗ್ರೌಂಡಿಗೆ ಬಿಡಲು ಹೋಗಿರುತ್ತೀರಿ. ಯಾರೋ ಪಕ್ಕಕ್ಕೆ ಬಂದು, "ಸಾರ್, ನೀವು ಕಾಲೇಜಲ್ಲಿ ಆಡ್ತಿದ್ರಂತೆ, ಸ್ವಲ್ಪ ಈ ಚಿಕ್ಕವರನ್ನ ನೋಡ್ಕೊಳ್ತೀರಾ?" ಅನ್ನುತ್ತಾರೆ. ಹೂಂ ಅಂದುಬಿಡುತ್ತೀರಿ. ಮುಂದಿನ ಶನಿವಾರ ಹದಿನಾಲ್ಕು ಮಕ್ಕಳು, ಎಂಟು ಚೆಂಡು, ಒಂದು ಸೀಟಿ ನಿಮ್ಮ ತಲೆಗೆ ಬಂದಿರುತ್ತದೆ.

ನಾನೂ ಹಾಗೇ ಸಿಕ್ಕಿಕೊಂಡವನು. ಬೆಂಗಳೂರಿನ ಒಂದು ಪಾಲಿಕೆ ಮೈದಾನದಲ್ಲಿ, ಅರ್ಧ ಜಾಗ ಟೆನಿಸ್ ಬಾಲ್ ಕ್ರಿಕೆಟ್‌ನವರಿಗೆ ಬಿಟ್ಟುಕೊಟ್ಟು, ಇನ್ನರ್ಧದಲ್ಲಿ 7ರಿಂದ 13 ವರ್ಷದ ಮಕ್ಕಳನ್ನು ಆಡಿಸುತ್ತೇನೆ. ಈ ಕೆಲಸಕ್ಕೆ ಮೊದಲು ಏನು ಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ಚೆಂಡು ಅನ್ನುವುದಿಲ್ಲ, ಸೀಟಿ ಅನ್ನುವುದೂ ಇಲ್ಲ. 200 ಪುಟದ ಒಂದು ಉದ್ದ ನೋಟ್‌ಬುಕ್ ತಗೊಳ್ಳಿ ಅನ್ನುತ್ತೇನೆ. ಯಾಕೆ ಅಂತ ಮುಂದೆ ಓದುತ್ತಾ ಹೋದರೆ ಗೊತ್ತಾಗುತ್ತದೆ.

1. ಹೂಂ ಅನ್ನುವ ಮುಂಚೆ

ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ. ಯಾವ ವಯಸ್ಸಿನ ಮಕ್ಕಳು? ವಾರಕ್ಕೆ ಎಷ್ಟು ದಿನ? ಮೈದಾನಕ್ಕೆ ಅನುಮತಿ ಯಾರ ಹೆಸರಿನಲ್ಲಿದೆ? ನಿಮ್ಮ ಜೊತೆ ಇರುವ ಇನ್ನೊಬ್ಬ ದೊಡ್ಡವರು ಯಾರು?

ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಒಪ್ಪಿಕೊಳ್ಳಬೇಡಿ. ಒಬ್ಬ ಹುಡುಗ ಕಾಲು ಮುರಿದುಕೊಂಡರೆ ಅವನ ಜೊತೆ ಆಸ್ಪತ್ರೆಗೆ ಹೋಗುವವರು ಯಾರು, ಉಳಿದ ಹದಿಮೂರು ಜನರನ್ನು ನೋಡಿಕೊಳ್ಳುವವರು ಯಾರು? ಇಬ್ಬರು ಬೇಕೇಬೇಕು. ಎರಡನೆಯವರಿಗೆ ಫುಟ್‌ಬಾಲ್ ಬರಬೇಕಂತಿಲ್ಲ. ನಮ್ಮಲ್ಲಿ ಆ ಜಾಗದಲ್ಲಿ ಇರುವವರು ಒಬ್ಬ ಹುಡುಗಿಯ ಅಜ್ಜ, ರಿಟೈರ್ಡ್ ಬ್ಯಾಂಕ್ ನೌಕರರು. ಆಫ್‌ಸೈಡ್ ಅಂದರೆ ಏನು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನೋಟ್‌ಬುಕ್ ಅವರ ಕೈಯಲ್ಲಿದ್ದರೆ ಒಂದು ಹೆಸರೂ ತಪ್ಪುವುದಿಲ್ಲ.

ಸರ್ಕಾರಿ ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಂದು ಅರ್ಜಿ ಬರೆದು ಕೊಡಿ, ಸೀಲು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಿ. ಬಾಯಿಮಾತಿನ ಅನುಮತಿ ಮುಖ್ಯ ಶಿಕ್ಷಕರ ವರ್ಗಾವಣೆಯ ದಿನವೇ ಮುಗಿಯುತ್ತದೆ.

ಕೋರ್ಸ್ ಮಾಡಬೇಕಾ? ಸಾಧ್ಯವಾದರೆ ಮಾಡಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡೆಸುವ ಲೈಸೆನ್ಸ್ ಕೋರ್ಸ್‌ಗಳಲ್ಲಿ ಇ ಮತ್ತು ಡಿ ಆರಂಭದ ಹಂತಗಳು. ಆದರೆ ಅದಕ್ಕೂ ಮುಂಚೆ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಎಲ್ಲಾದರೂ ಸಿಕ್ಕರೆ ಅದನ್ನು ಬಿಡಬೇಡಿ. ಪಾಸ್ ಕಲಿಸುವುದು ಒಂದು ವಾರ ತಡವಾದರೆ ಏನೂ ಆಗುವುದಿಲ್ಲ, ಅಲ್ವಾ?

2. ನೋಟ್‌ಬುಕ್

ಒಬ್ಬೊಬ್ಬ ಮಗುವಿಗೆ ಒಂದೊಂದು ಪುಟ. ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ಇಬ್ಬರು ದೊಡ್ಡವರ ಫೋನ್ ನಂಬರ್. ಒಂದೇ ನಂಬರ್ ಸಾಲದು, ಬೇಕಾದಾಗಲೇ ಅದು ಸ್ವಿಚ್ ಆಫ್ ಆಗಿರುತ್ತದೆ. ಮನೆಗೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ, ಒಬ್ಬನೇ ನಡೆದು ಹೋಗಬಹುದಾ. ಉಬ್ಬಸ, ಫಿಟ್ಸ್, ಸಕ್ಕರೆ ಕಾಯಿಲೆ, ಔಷಧಿ ಅಲರ್ಜಿ, ಹಳೆಯ ಮೂಳೆ ಮುರಿತ ಏನಾದರೂ ಇದೆಯಾ.

ಈ ಕೊನೆಯದನ್ನು ಕೇಳುವ ರೀತಿ ಮುಖ್ಯ. ಎಲ್ಲರ ಎದುರು "ಏನಾದ್ರೂ ಕಾಯಿಲೆ ಇದೆಯಾ?" ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಹುಡುಗಿಯರ ವಿಷಯದಲ್ಲಂತೂ ಫಿಟ್ಸ್ ಇದೆ ಅನ್ನುವುದನ್ನು ಮನೆಯವರು ಮುಚ್ಚಿಡುವುದು ಇವತ್ತಿಗೂ ಇದೆ. ಪಕ್ಕಕ್ಕೆ ಕರೆದು, "ಓಡುವಾಗ ಉಸಿರು ಕಟ್ಟುತ್ತಾ? ದಿನಾ ಏನಾದ್ರೂ ಮಾತ್ರೆ ತಗೊಳ್ತಾರಾ? ಬೇರೆ ಯಾರಿಗೂ ಹೇಳಲ್ಲ" ಅಂತ ಕೇಳಿ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಿ. ಉಬ್ಬಸಕ್ಕೆ ಪಂಪ್ (ಇನ್ಹೇಲರ್) ಬಳಸುವ ಮಗುವಾದರೆ ಪಂಪ್ ಚೀಲದಲ್ಲಿದೆಯಾ ಅಂತ ಪ್ರತಿ ವಾರ ನೋಡಿ.

ಹಿಂದಿನ ಪುಟಗಳಲ್ಲಿ ಹಾಜರಿ. ಬಂದಾಗ ಒಂದು ಗುರುತು, ಮನೆಗೆ ಹೋದಾಗ ಇನ್ನೊಂದು. ಇನ್ನೂ ಹಿಂದೆ, ಮ್ಯಾಚ್‌ಗಳಲ್ಲಿ ಯಾರು ಎಷ್ಟು ನಿಮಿಷ ಆಡಿದರು ಅನ್ನುವ ಲೆಕ್ಕ. ಮೊದಮೊದಲು ಇದು ಅತಿಯಾಯಿತು ಅನ್ನಿಸಿತ್ತು. ಅದು ಯಾಕೆ ಬೇಕು ಅಂತ ಮ್ಯಾಚಿನ ವಿಷಯ ಬಂದಾಗ ಹೇಳುತ್ತೇನೆ.

ಫೋನಿನಲ್ಲೇ ಬರೆದುಕೊಂಡರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ. ಆದರೆ ಮಕ್ಕಳ ಎದುರು ನಿಂತು ಫೋನ್ ನೋಡುವ ಕೋಚ್ ಏನು ಮಾಡುತ್ತಿದ್ದಾನೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ. ಜೊತೆಗೆ ನೀವು ಆಸ್ಪತ್ರೆಗೆ ಹೋದರೆ ಫೋನೂ ನಿಮ್ಮ ಜೊತೆ ಹೋಗುತ್ತದೆ.

3. ಮಕ್ಕಳ ಸುರಕ್ಷತೆ: ಇಲ್ಲಿ ರಾಜಿ ಇಲ್ಲ

ನೀವು ಒಳ್ಳೆಯವರು ಅಂತ ನಿಮಗೆ ಗೊತ್ತು. ಮಕ್ಕಳ ಮನೆಯವರಿಗೆ ಅದು ಗೊತ್ತಾಗುವುದು ನೀವು ನಡೆದುಕೊಳ್ಳುವ ರೀತಿಯಿಂದ ಮಾತ್ರ. ಹಾಗಾಗಿ ಈ ನಿಯಮಗಳು ಎಲ್ಲರಿಗೂ ಒಂದೇ.

ಯಾವ ಮಗುವಿನ ಜೊತೆಗೂ ಮುಚ್ಚಿದ ಜಾಗದಲ್ಲಿ ಒಬ್ಬರೇ ಇರಬೇಡಿ. ಮಾತಾಡಬೇಕಾ, ಎಲ್ಲರಿಗೂ ಕಾಣುವ ಹಾಗೆ ಮೈದಾನದ ಅಂಚಿನಲ್ಲಿ ಮಾತಾಡಿ. ಒಂದೇ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೆಗೆ ಬಿಡುವುದು ನಮ್ಮೂರುಗಳಲ್ಲಿ ತೀರಾ ಸಾಮಾನ್ಯ. ಅದನ್ನೂ ಬಿಡಿ. ಬೇರೆ ದಾರಿಯೇ ಇಲ್ಲದಿದ್ದರೆ ಮನೆಯವರಿಗೆ ಮೊದಲು ಫೋನ್ ಮಾಡಿ ಒಪ್ಪಿಗೆ ಪಡೆಯಿರಿ, ಇನ್ನೊಬ್ಬ ಮಗುವಿನ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಳ್ಳಿ. ಮಕ್ಕಳಿಗೆ ನೇರವಾಗಿ ವಾಟ್ಸ್ಆ್ಯಪ್ ಸಂದೇಶ ಕಳಿಸಬೇಡಿ. ಹೇಳಬೇಕಾದದ್ದು ಮನೆಯವರ ಗ್ರೂಪ್‌ನಲ್ಲಿ ಇರಲಿ. ಅನುಮತಿ ಇಲ್ಲದೆ ಮಕ್ಕಳ ಫೋಟೋ ಹಾಕಬೇಡಿ, ಹಾಕಿದರೂ ಶಾಲೆಯ ಹೆಸರು, ಪ್ರಾಕ್ಟೀಸ್ ಸಮಯ ಜೊತೆಗೆ ಬೇಡ.

ಕಾಲಿನ ಭಂಗಿ ತೋರಿಸಲು ಮುಟ್ಟಬೇಕಾದರೆ "ಕಾಲು ಹಿಡಿದು ತೋರಿಸ್ಲಾ?" ಅಂತ ಕೇಳಿ. ನಿಜ ಹೇಳಬೇಕೆಂದರೆ ಮುಟ್ಟುವ ಅಗತ್ಯವೇ ಇರುವುದಿಲ್ಲ. ನೀವೇ ಮಾಡಿ ತೋರಿಸಿದರೆ ಸಾಕು.

ಹೊಡೆಯುವುದು, ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು ಇಲ್ಲ. "ನಮ್ಮ ಕಾಲದಲ್ಲಿ ನಮಗೂ ಹೊಡೆದಿದ್ರು, ಏನಾಯ್ತು?" ಅನ್ನುವವರು ಸಿಗುತ್ತಾರೆ. ಏನಾಯಿತು ಅಂದರೆ, ಆ ಏಟಿಗೆ ಹೆದರಿ ಆಟ ಬಿಟ್ಟವರು ಈ ಮಾತು ಹೇಳಲು ಮೈದಾನದಲ್ಲಿ ಇಲ್ಲ.

ಕಾನೂನೂ ಗೊತ್ತಿರಲಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು. ನಡೆದದ್ದು ಮೈದಾನದಲ್ಲೇ ಆಗಿರಬೇಕಂತಿಲ್ಲ. ಮಗು ನಿಮ್ಮನ್ನು ನಂಬಿ ಮನೆಯ, ಬೀದಿಯ, ಶಾಲೆಯ ವಿಷಯ ಹೇಳಬಹುದು. ಆಗ ಕೇಳಿಸಿಕೊಳ್ಳಿ. ತನಿಖೆ ಮಾಡಲು ಹೋಗಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಮಗು ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098, ತುರ್ತು ನಂಬರ್ 112. ಎರಡೂ ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ. ಆಂಬುಲೆನ್ಸ್‌ಗೆ 108.

4. ಮನೆಯವರ ಜೊತೆ ಮೊದಲ ಮಾತು

ಮೊದಲ ಶನಿವಾರ ಮಕ್ಕಳನ್ನು ಅಜ್ಜನಂಥವರ ಕೈಗೆ ಕೊಟ್ಟು, ಅಪ್ಪ ಅಮ್ಮಂದಿರನ್ನು ಹದಿನೈದು ನಿಮಿಷ ನಿಲ್ಲಿಸಿಕೊಳ್ಳಿ. ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎರಡನ್ನೂ ಹೇಳಿ. ಎಲ್ಲರಿಗೂ ಆಡುವ ಅವಕಾಶ ಕೊಡುತ್ತೇನೆ. ಯಾರನ್ನೂ ಸ್ಟಾರ್ ಮಾಡಿಕೊಡುತ್ತೇನೆ ಅನ್ನುವುದಿಲ್ಲ. ಆಟ ನಡೆಯುವಾಗ ಗೆರೆಯಾಚೆಯಿಂದ ನೀವು ಕೋಚಿಂಗ್ ಮಾಡುವ ಹಾಗಿಲ್ಲ.

ಈ ಮೂರನೆಯದು ಯಾರಿಗೂ ರುಚಿಸುವುದಿಲ್ಲ. "ಹೊಡಿಯೋ! ಬಿಡಬೇಡ ಕಣೋ! ಅಲ್ಲೇನ್ ನೋಡ್ತಿದೀಯಾ!" ಅಂತ ಒಬ್ಬ ಅಪ್ಪ ಕೂಗುತ್ತಾರೆ. ಅವರ ಮಗ ಚೆಂಡು ಕಾಲಿಗೆ ಬಂದ ಕೂಡಲೇ ಮೊದಲು ಅಪ್ಪನ ಮುಖ ನೋಡುತ್ತಾನೆ. ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. ನಾನು ಇದನ್ನೇ ಮನೆಯವರಿಗೆ ಹೇಳುತ್ತೇನೆ: ಚಪ್ಪಾಳೆ ಎಷ್ಟು ಬೇಕಾದರೂ ತಟ್ಟಿ, ಚೆಂಡನ್ನು ಏನು ಮಾಡಬೇಕು ಅನ್ನುವುದನ್ನು ಮಾತ್ರ ಮಗುವಿಗೆ ಬಿಡಿ. ಕೇಳದವರಿಗೆ ನೀರಿನ ಬಾಟಲಿ ತುಂಬಿಸುವ ಕೆಲಸ ಕೊಡುತ್ತೇನೆ. ನಲ್ಲಿ ಮೈದಾನದ ಆ ತುದಿಯಲ್ಲಿದೆ.

ದುಡ್ಡಿನ ವಿಷಯ ಮೊದಲ ದಿನವೇ ಮಾತಾಡಿ ಮುಗಿಸಿ. ನಿಮಗೆ ಸಂಬಳ ಇಲ್ಲದಿದ್ದರೂ ಚೆಂಡು, ಬಿಬ್ಸ್ (ತಂಡ ಗುರುತಿಸಲು ಅಂಗಿಯ ಮೇಲೆ ಹಾಕುವ ಬಣ್ಣದ ಬನಿಯನ್), ಟೂರ್ನಮೆಂಟ್ ಶುಲ್ಕ, ಟೆಂಪೋ ಬಾಡಿಗೆ ಅಂತ ಖರ್ಚು ಬಂದೇ ಬರುತ್ತದೆ. ದುಡ್ಡು ನಿಮ್ಮ ಕೈಗೆ ಬೇಡ. ಇಬ್ಬರು ಪೋಷಕರು ಲೆಕ್ಕ ಇಡಲಿ, ತಿಂಗಳಿಗೊಮ್ಮೆ ಗ್ರೂಪ್‌ಗೆ ಹಾಕಲಿ. ಕೊಡಲು ಆಗದವರ ಹೆಸರು ಆ ಪಟ್ಟಿಯಲ್ಲಿ ಕಾಣದ ಹಾಗೆ ನೋಡಿಕೊಳ್ಳಿ.

5. ಮೈದಾನ, ಚೆಂಡು, ಬೂಟು

ಮಕ್ಕಳು ಬರುವ ಮುಂಚೆ ಮೈದಾನವನ್ನು ಒಂದು ಸುತ್ತು ನಡೆದು ನೋಡಿ. ನಮ್ಮ ಮೈದಾನಗಳು ಆಟಕ್ಕೆ ಮಾತ್ರ ಇರುವಂಥವಲ್ಲ. ಗಣೇಶನ ಹಬ್ಬ ಮುಗಿದ ವಾರ ಶಾಮಿಯಾನದ ಗೂಟ, ಮೊಳೆ, ವೈರಿನ ತುಂಡು. ದೀಪಾವಳಿಯ ನಂತರ ಪಟಾಕಿ ಅಂಗಡಿಯ ತಗಡು. ಸೋಮವಾರ ಬೆಳಿಗ್ಗೆಯಾದರೆ ಬಾಟಲಿ ಚೂರು. ಒಂದು ಬಕೆಟ್ ಹಿಡಿದು ಮಕ್ಕಳನ್ನೂ ಜೊತೆಗೆ ಸಾಲಾಗಿ ನಡೆಸಬಹುದು, ಆದರೆ ಗಾಜನ್ನು ಎತ್ತುವುದು ನೀವೇ.

ಎತ್ತಿ ಇಡುವಂಥ ಕಬ್ಬಿಣದ ಗೋಲ್ ಕಂಬಗಳ ಬಗ್ಗೆ ಒಂದು ಎಚ್ಚರಿಕೆ. ಅವು ಮುಂದಕ್ಕೆ ವಾಲಿ ಬೀಳುತ್ತವೆ. ಮಕ್ಕಳು ಅಡ್ಡಪಟ್ಟಿಗೆ ಜೋತುಬಿದ್ದರೆ ಖಂಡಿತ ಬೀಳುತ್ತವೆ. ಹಿಂದಿನ ಪಟ್ಟಿಯ ಮೇಲೆ ಮರಳಿನ ಮೂಟೆ ಇಡಿ, ಇಲ್ಲವೇ ಗೂಟ ಹೊಡೆದು ಕಟ್ಟಿ. ಎರಡೂ ಆಗದಿದ್ದರೆ ಎರಡು ಚಪ್ಪಲಿ ಇಟ್ಟು ಗೋಲ್ ಮಾಡಿ. ಚಪ್ಪಲಿ ಯಾರ ತಲೆಯ ಮೇಲೂ ಬೀಳುವುದಿಲ್ಲ.

ಚೆಂಡಿನ ಅಳತೆ: 8 ವರ್ಷದವರೆಗೆ 3ನೇ ಸೈಜ್, 9ರಿಂದ 12–13ರವರೆಗೆ 4, ಆಮೇಲೆ 5. ದೊಡ್ಡವರ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಎರಡನೇ ಕ್ಲಾಸಿನ ಮಗುವಿಗೆ ಅದನ್ನು ಒದೆ ಅಂದರೆ ಕಾಲಿನ ತುದಿಯಿಂದ ಗುಮ್ಮುತ್ತದೆ, ಆ ಅಭ್ಯಾಸ ಬಿಡಿಸಲು ಮೂರು ವರ್ಷ ಬೇಕು.

ಬೂಟಿನ ಬಗ್ಗೆ ಪಾಲಕರ ಮೇಲೆ ಒತ್ತಡ ಹಾಕಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್, ಫ್ರಾನ್ಸ್ ವಿರುದ್ಧ. ಆ ತಂಡದ ಬಹುಪಾಲು ಆಟಗಾರರು ಆಡಿದ್ದು ಬರಿಗಾಲಲ್ಲಿ. ಆದರೆ ಇದನ್ನು ಕಥೆಯಾಗಿ ಹೇಳಿ, ನಿಯಮ ಮಾಡಬೇಡಿ. ಸ್ಟಡ್ಸ್ (ಅಡಿಯಲ್ಲಿ ಗುಬುಟುಗಳಿರುವ ಬೂಟು) ಹಾಕಿದವನ ಪಕ್ಕ ಬರಿಗಾಲಿನವನನ್ನು ಆಡಿಸಿದರೆ ಬೆರಳು ಹೋಗುತ್ತದೆ. ಪ್ರಾಕ್ಟೀಸಿನಲ್ಲಿ ಎಲ್ಲರೂ ಶಾಲೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳಲಿ. ಸ್ಟಡ್ಸ್ ಇದ್ದವರೂ ಅಷ್ಟೇ. ಕಾಲು ಬೆಳೆದು ಬಿಗಿಯಾದ ಬೂಟುಗಳನ್ನು ಒಂದು ಚೀಲದಲ್ಲಿ ಸೇರಿಸಿಡಿ, ಮುಂದಿನವರಿಗೆ ಆಗುತ್ತದೆ. ಮ್ಯಾಚ್‌ಗೆ ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಮೂಳೆಗೆ ಕಟ್ಟುವ ರಕ್ಷಣೆಯ ಪಟ್ಟಿ) ಕಡ್ಡಾಯ, ಅದು ಆಟದ ನಿಯಮದಲ್ಲೇ ಇದೆ.

6. ಎಪ್ಪತ್ತೈದು ನಿಮಿಷ

ಹೊಸ ಕೋಚ್‌ಗಳು ಮಾಡುವ ದೊಡ್ಡ ತಪ್ಪು ಸಾಲು ನಿಲ್ಲಿಸುವುದು. ಹದಿನಾಲ್ಕು ಮಕ್ಕಳು ರೇಷನ್ ಅಂಗಡಿ ಮುಂದೆ ನಿಂತ ಹಾಗೆ ನಿಂತು, ಒಬ್ಬೊಬ್ಬರಾಗಿ ಬಂದು ಗೋಲಿಗೆ ಒದೆಯುವುದು. ಲೆಕ್ಕ ಹಾಕಿ ನೋಡಿ. ಒಬ್ಬನಿಗೆ ಅರ್ಧ ನಿಮಿಷ ಅಂದರೆ, ಮತ್ತೆ ಅವನ ಸರದಿ ಬರಲು ಏಳು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಮೂರು ಸಲ ಚೆಂಡು ಮುಟ್ಟಿರುತ್ತಾನೆ. ಉಳಿದ ಹೊತ್ತು ಮುಂದಿನವನ ಅಂಗಿ ಎಳೆಯುತ್ತಿರುತ್ತಾನೆ. ಆಮೇಲೆ ನೀವು "ಶಿಸ್ತಿಲ್ಲ ಇವಕ್ಕೆ" ಅನ್ನುತ್ತೀರಿ.

ನಾನು ಒಂದು ದಿನ ಮಾಡುವುದನ್ನು ಪೂರ್ತಿ ಬರೆಯುತ್ತೇನೆ. 9–10 ವರ್ಷದ ಹದಿನಾಲ್ಕು ಮಕ್ಕಳು, ಎಂಟು ಚೆಂಡು, ಹನ್ನೆರಡು ಕೋನ್ (ಗುರುತಿಗೆ ನೆಲದ ಮೇಲಿಡುವ ಪ್ಲಾಸ್ಟಿಕ್ ಶಂಕು). ಅವತ್ತಿನ ವಿಷಯ ಒಂದೇ: ಬಂದ ಚೆಂಡನ್ನು ಮೊದಲ ಮುಟ್ಟಿನಲ್ಲೇ ಹತೋಟಿಗೆ ತಗೊಳ್ಳುವುದು.

ಮೊದಲ ಹತ್ತು ನಿಮಿಷ, ಬಂದವರು ಬಂದ ಹಾಗೆ ಆಟಕ್ಕೆ. ನಾಲ್ಕು ಜನ ಆದ ಕೂಡಲೇ ಇಬ್ಬರ ಮೇಲೆ ಇಬ್ಬರು. ತಡವಾಗಿ ಬಂದವರು ಸೇರಿಕೊಳ್ಳುತ್ತಾ ಹೋಗುತ್ತಾರೆ. ಎಲ್ಲರೂ ಬರಲಿ ಅಂತ ಕಾಯಿಸಿದರೆ ಸಮಯಕ್ಕೆ ಬಂದವರಿಗೇ ಶಿಕ್ಷೆ.

ಮುಂದಿನ ಹದಿನೈದು ನಿಮಿಷ ಮೈ ಬಿಸಿ ಮಾಡುವುದು. ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾದ 11+ ಕಿಡ್ಸ್ ಅನ್ನುವ ಏಳು ವ್ಯಾಯಾಮಗಳ ಪಟ್ಟಿ ಇದೆ, 7ರಿಂದ 13 ವರ್ಷದವರಿಗೆ. ಒಂಟಿಕಾಲ ಸಮತೋಲ, ಜಿಗಿತ, ಸರಿಯಾಗಿ ಬೀಳುವುದು ಎಲ್ಲ ಅದರಲ್ಲಿವೆ. ಯುರೋಪಿನ ನಾಲ್ಕು ದೇಶಗಳ ಮಕ್ಕಳ ಮೇಲೆ ಪರೀಕ್ಷಿಸಿದಾಗ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ಪ್ರತಿ ವಾರ ಮಾಡಿಸಿದರೆ ಮಾತ್ರ ಉಪಯೋಗ. ಬೇಜಾರಾಗುತ್ತದೆ ಅನ್ನುವವರಿಗೆ ನಾನು ಕೆರೆ-ದಡ ಸೇರಿಸುತ್ತೇನೆ. ಒಂದು ದೊಡ್ಡ ವೃತ್ತ. ಎಲ್ಲರ ಕಾಲಲ್ಲೂ ಚೆಂಡು, ಸಾಲದಿದ್ದರೆ ಇಬ್ಬರಿಗೆ ಒಂದು. "ಕೆರೆ" ಅಂದರೆ ಚೆಂಡು ಒಳಗೆ, "ದಡ" ಅಂದರೆ ಹೊರಗೆ, ಕಾಲಡಿಯಲ್ಲಿ ನಿಲ್ಲಬೇಕು. ಚೆಂಡು ಓಡಿಹೋದವರು ಔಟ್ ಅಲ್ಲ, ಮುಂದಿನ ಸಲ ಕೂಗುವ ಕೆಲಸ ಅವರದು. ಔಟ್ ಮಾಡಿದರೆ ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ ಮೊದಲು ಹೊರಗೆ ಕೂರುತ್ತಾರೆ.

ನೀರು. ಎರಡು ನಿಮಿಷ.

ಆಮೇಲೆ ಇಪ್ಪತ್ತು ನಿಮಿಷ ಲಗೋರಿ. ಕಲ್ಲಿನ ಬದಲು ಮೂರು ಕೋನ್ ಮಧ್ಯದಲ್ಲಿ. ಏಳೇಳು ಜನ ಆದರೆ ಜಾಸ್ತಿ, ಹಾಗಾಗಿ ಎರಡು ಲಗೋರಿ, ಒಂದೊಂದರಲ್ಲಿ ಏಳು ಜನ: ನಾಲ್ವರು ಹೊಡೆಯುವವರು, ಮೂವರು ಕಾಯುವವರು. ಹೊಡೆಯುವವರು ಸುತ್ತ ಪಾಸ್ ಮಾಡುತ್ತಾ ಸಂದು ಸಿಕ್ಕಾಗ ಕೋನ್‌ಗೆ ಹೊಡೆಯಬೇಕು. ಒಬ್ಬರಿಗೆ ಎರಡೇ ಮುಟ್ಟು. ಒಂದು ಮುಟ್ಟಿನಲ್ಲಿ ನಿಲ್ಲಿಸಿ, ಎರಡನೆಯದರಲ್ಲಿ ಕೊಡಬೇಕು. ಚೆಂಡು ಕಾಲಿಗೆ ತಗುಲಿ ಮೂರು ಅಡಿ ಹಾರಿದರೆ ಕಾಯುವವನು ಕಸಿದುಕೊಳ್ಳುತ್ತಾನೆ. "ಫಸ್ಟ್ ಟಚ್ ಸರಿಯಿಲ್ಲ" ಅಂತ ನೀವು ಕೂಗಬೇಕಾಗಿಲ್ಲ, ಆಟವೇ ಹೇಳುತ್ತದೆ.

ಇಲ್ಲಿ ನಿಮ್ಮ ಕೆಲಸ ಎರಡೇ ಸಲ ನಿಲ್ಲಿಸಿ ಮಾತಾಡುವುದು. ಒಂದೊಂದು ಸಲಕ್ಕೂ ಅರ್ಧ ನಿಮಿಷ. "ಚೆಂಡು ಬರುವಾಗ ಕಾಲನ್ನ ಗೋಡೆ ಮಾಡಬೇಡಿ, ದಿಂಬು ಮಾಡಿ." ಅಷ್ಟೇ. ಹತ್ತು ವರ್ಷದ ಮಗುವಿಗೆ ಪಾದದ ಕೋನ, ಮೈಭಾರ, ದೃಷ್ಟಿ ಮೂರನ್ನೂ ಒಟ್ಟಿಗೆ ಹೇಳಿದರೆ ಮೂರೂ ಹೋಗುತ್ತವೆ.

ಮತ್ತೆ ಸ್ವಲ್ಪ ಹೊತ್ತು ನೀರು. ಕೊನೆಯ ಇಪ್ಪತ್ತೈದು ನಿಮಿಷ ಪೂರ್ತಿ ಮ್ಯಾಚ್. ಇದನ್ನು ಕತ್ತರಿಸಬೇಡಿ. ಮಕ್ಕಳು ಬಂದಿರುವುದೇ ಇದಕ್ಕೆ. ಹದಿನಾಲ್ಕು ಜನರನ್ನು ಏಳರ ಮೇಲೆ ಏಳು ಆಡಿಸುವುದಕ್ಕಿಂತ ಎರಡು ಸಣ್ಣ ಮೈದಾನ ಮಾಡಿ, ಒಂದರಲ್ಲಿ ನಾಲ್ಕರ ಮೇಲೆ ನಾಲ್ಕು, ಇನ್ನೊಂದರಲ್ಲಿ ಮೂರರ ಮೇಲೆ ಮೂರು. ಜನ ಕಡಿಮೆ ಆದಷ್ಟೂ ಒಬ್ಬೊಬ್ಬರ ಕಾಲಿಗೆ ಚೆಂಡು ಜಾಸ್ತಿ ಸಿಗುತ್ತದೆ. ಇಂಗ್ಲೆಂಡಿನಲ್ಲೂ ಹನ್ನೊಂದು ಜನರ ಆಟ ಶುರುವಾಗುವುದು ಹನ್ನೆರಡು ತುಂಬಿದ ಮೇಲೆಯೇ. ಅದಕ್ಕೂ ಮುಂಚೆ ತಂಡದಲ್ಲಿ 9, 7, 5 ಜನ. ನಮ್ಮಲ್ಲಿ ಮಾತ್ರ ಎಂಟು ವರ್ಷದವರನ್ನು ದೊಡ್ಡವರ ಮೈದಾನಕ್ಕೆ ಬಿಟ್ಟು, ಎಂಟಡಿ ಎತ್ತರದ ಗೋಲ್ ಮುಂದೆ ನಾಲ್ಕಡಿ ಹುಡುಗನನ್ನು ನಿಲ್ಲಿಸಿ, ಮೇಲಿಂದ ಚೆಂಡು ಹೋದರೆ ಅವನನ್ನೇ ಬಯ್ಯುತ್ತೇವೆ.

ತಲೆಯಿಂದ ಹೊಡೆಯುವುದನ್ನು ಚಿಕ್ಕವರಿಗೆ ಕಲಿಸಬೇಡಿ. ಅಮೆರಿಕದಲ್ಲಿ 2015ರಿಂದ 10 ವರ್ಷದವರೆಗಿನ ಮಕ್ಕಳಿಗೆ ಹೆಡಿಂಗ್ ನಿಷೇಧ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆ ವಯಸ್ಸಿನವರ ತರಬೇತಿಯಲ್ಲಿ ಅದು ಇಲ್ಲ. ನಮ್ಮ ಮಕ್ಕಳ ತಲೆಯೇನು ಬೇರೆ ಥರದ್ದಲ್ಲ.

7. ನಿಮ್ಮ ಬಾಯಿ

ನಿಮ್ಮ ಊರಿನಲ್ಲಿ ಮಕ್ಕಳು ನಿಮ್ಮನ್ನು ಸರ್ ಅನ್ನಬಹುದು, ಅಣ್ಣಾ ಅನ್ನಬಹುದು, ಮೇಡಂ, ಅಕ್ಕ ಅನ್ನಬಹುದು. ಏನಾದರೂ ಇರಲಿ, ನೀವು ಮಾತ್ರ ಅವರನ್ನು ಹೆಸರು ಹಿಡಿದೇ ಕರೆಯಿರಿ. ಡುಮ್ಮ, ಕರಿಯ, ಕುಳ್ಳ, ಸೋಡಾಬುಡ್ಡಿ ಇವೆಲ್ಲ ಪ್ರೀತಿಯಿಂದ ಹೇಳಿದರೂ ಬೇಡ. ನೀವು ಒಂದು ಸಲ ಅಂದರೆ ಇಡೀ ತಂಡಕ್ಕೆ ಲೈಸೆನ್ಸ್ ಕೊಟ್ಟ ಹಾಗೆ. ಜಾತಿ, ಭಾಷೆ, ಏರಿಯಾ ಹಿಡಿದು ಆಡುವ ಮಾತಂತೂ ಕೇಳಿದ ಕೂಡಲೇ ಆಟ ನಿಲ್ಲಿಸಿ. ಬೆಂಗಳೂರಿನಲ್ಲಿ ಫುಟ್‌ಬಾಲ್ ಬೆಳೆದದ್ದು ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್‌ನಂಥ ಬಡಾವಣೆಗಳ ಗಲ್ಲಿಗಳಲ್ಲಿ. ತಮಿಳು, ಉರ್ದು, ಕನ್ನಡ ಮೂರೂ ಒಂದೇ ಪಾಸ್‌ನಲ್ಲಿ ಕೇಳುವ ಜಾಗಗಳು ಅವು.

ಹೊಗಳುವುದೂ ಒಂದು ಕಲೆ. "ಸೂಪರ್, ಸೂಪರ್" ಅಂತ ಸುಮ್ನೆ ಅನ್ನುತ್ತಿದ್ದರೆ ಎರಡನೇ ವಾರಕ್ಕೆ ಅದು ಯಾರ ಕಿವಿಗೂ ಬೀಳುವುದಿಲ್ಲ. "ತಲೆ ಎತ್ತಿ ನೋಡಿ ಪಾಸ್ ಕೊಟ್ಟೆಯಲ್ಲ, ಅದು ಚೆನ್ನಾಗಿತ್ತು" ಅನ್ನಿ. ಏನು ಮಾಡಿದ್ದಕ್ಕೆ ಹೊಗಳಿದರು ಅಂತ ಗೊತ್ತಾದರೆ ಅದನ್ನೇ ಮತ್ತೆ ಮಾಡುತ್ತಾರೆ.

8. ಪೆಟ್ಟು, ಬಿಸಿಲು, ಸಿಡಿಲು

ಕಿಟ್‌ನಲ್ಲಿ ಇರಬೇಕಾದದ್ದು: ಗಾಜ್ ಬಟ್ಟೆ, ಬ್ಯಾಂಡೇಜ್, ಅಂಟುಪಟ್ಟಿ, ಕೈಗವಸು, ಕತ್ತರಿ, ಶುದ್ಧ ನೀರಿನ ಬಾಟಲಿ, ಒಂದು ತ್ರಿಕೋನ ಬಟ್ಟೆ. ಹತ್ತಿರದ ಅಂಗಡಿಯಲ್ಲಿ ಐಸ್ ಸಿಗುತ್ತದಾ ಅಂತ ಮೊದಲೇ ನೋಡಿಟ್ಟುಕೊಳ್ಳಿ. ನಮ್ಮ ಐಸ್ ಜ್ಯೂಸ್ ಅಂಗಡಿಯಿಂದ ಬರುತ್ತದೆ.

ಕಾಲು ಉಳುಕಿದರೆ ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ, ಕಾಲು ಎತ್ತರದಲ್ಲಿ. ಎಣ್ಣೆ ಹಾಕಿ ನೀವಬೇಡಿ, ಎಳೆಯಬೇಡಿ. ಉಳುಕು ತೆಗೆಯುವವರು, ಕಟ್ಟು ಕಟ್ಟುವವರ ಹೆಸರು ಹೇಳಲು ಗೆರೆಯಾಚೆ ನಾಲ್ಕು ಜನ ಇದ್ದೇ ಇರುತ್ತಾರೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಭಾಗ ಇರುತ್ತದೆ, ಅಲ್ಲಿ ಪೆಟ್ಟಾದರೆ ಮೂಳೆ ಬೆಳೆಯುವುದೇ ಕೆಡಬಹುದು. ಕಾಲೂರಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್-ರೇ ಆಗಲೇಬೇಕು.

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತಿಸಬೇಡಿ. ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಹಿಡಿದುಕೊಳ್ಳಿ. ಹಾಲುಹಲ್ಲಲ್ಲದ ಹಲ್ಲು ಬುಡಸಮೇತ ಬಿದ್ದರೆ ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಹಾಲಿನ ಪ್ಯಾಕೆಟ್ ಎಲ್ಲ ಬೀದಿಯಲ್ಲೂ ಸಿಗುತ್ತದೆ.

ತಲೆಗೆ ಪೆಟ್ಟು ಬೇರೆಯೇ ಮಾತು. ಇಬ್ಬರ ತಲೆ ಡಿಕ್ಕಿಯಾಗಿದೆ, ಆಮೇಲೆ ತಲೆನೋವು, ವಾಕರಿಕೆ, ತೂಕಡಿಕೆ, ತತ್ತರಿಸಿದ ನಡಿಗೆ, ಕೇಳಿದ್ದನ್ನೇ ಮತ್ತೆ ಕೇಳುವುದು, ಇವುಗಳಲ್ಲಿ ಒಂದೇ ಒಂದು ಕಂಡರೂ ಆ ಮಗು ಅವತ್ತು ಮತ್ತೆ ಆಡುವ ಹಾಗಿಲ್ಲ. ಫೈನಲ್ ಆದರೂ ಇಲ್ಲ, ಮಗು ಅತ್ತರೂ ಇಲ್ಲ. ಡಾಕ್ಟರು ನೋಡಿ ಸರಿ ಅಂದ ಮೇಲೆಯೇ ವಾಪಸ್. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಕತ್ತು ನೋವು ಅಂದರೆ ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳಬಹುದು, ಆದ್ದರಿಂದ ಮನೆಯವರಿಗೂ ಈ ಪಟ್ಟಿ ಕಳಿಸಿ.

ಬಿಸಿಲಿಗೆ ಪ್ರತಿ 15–20 ನಿಮಿಷಕ್ಕೆ ನೀರು. ನೀರು ಕುಡಿಯುವುದು ಬಹುಮಾನ ಅಲ್ಲ, ತಪ್ಪು ಮಾಡಿದವರಿಗೂ ಸಿಗಬೇಕು. ಬೇಸಿಗೆ ಶಿಬಿರವನ್ನು ಬೆಂಗಳೂರು, ಮೈಸೂರಿನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿದರೆ ನಡೆಯುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಎಂಟರೊಳಗೆ ಮುಗಿಸಿ. ಹೊಟ್ಟೆಯ ವಿಷಯವೂ ಕೇಳಿ. ಅರ್ಧ ಜನ ಖಾಲಿ ಹೊಟ್ಟೆಯಲ್ಲಿ, ಇನ್ನರ್ಧ ಮಸಾಲೆ ದೋಸೆ ಮುಗಿಸಿ ಬಂದಿರುತ್ತಾರೆ. ಅರ್ಧ ಗಂಟೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು ಸಾಕು.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಆಟ ಬಂದ್. ಮಳೆ ಬರಲಿ ಅಂತ ಕಾಯಬೇಡಿ. ಮರದ ಕೆಳಗೆ ನಿಲ್ಲಿಸಬೇಡಿ, ಕಟ್ಟಡದೊಳಗೆ ಅಥವಾ ಕಾರಿನೊಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಗೆ. ನಡುವೆ ಇನ್ನೊಂದು ಗುಡುಗಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಹುಡುಗಿಯರಿರುವ ತಂಡಕ್ಕೆ ಶೌಚಾಲಯ ಎಲ್ಲಿದೆ, ಬೀಗ ಯಾರ ಹತ್ತಿರ ಇದೆ ಅನ್ನುವುದು ಮೈದಾನ ಗೊತ್ತುಮಾಡುವಾಗಲೇ ಕೇಳಬೇಕಾದ ಪ್ರಶ್ನೆ. ಹನ್ನೊಂದು, ಹನ್ನೆರಡಕ್ಕೆ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರೆ "ಆಸಕ್ತಿ ಹೋಯ್ತು" ಅಂದುಕೊಳ್ಳುವ ಮುಂಚೆ ಆ ಬೀಗವನ್ನು ನೆನಪಿಸಿಕೊಳ್ಳಿ. ಕಿಟ್‌ನಲ್ಲಿ ಪ್ಯಾಡ್ ಇರಲಿ, ಕೇಳದೆಯೇ ತಗೊಳ್ಳುವ ಹಾಗೆ ಹೊರಗಿನ ಜೇಬಿನಲ್ಲಿ. ಸಾಧ್ಯವಾದರೆ ಒಬ್ಬ ತಾಯಿಯೋ ಅಕ್ಕನೋ ಜೊತೆಗಿರಲಿ.

9. ಮ್ಯಾಚಿನ ದಿನ

12 ವರ್ಷದೊಳಗಿನವರಿಗೆ ನನ್ನ ನಿಯಮ: ಬಂದವರೆಲ್ಲ ಕನಿಷ್ಠ ಅರ್ಧ ಆಟ ಆಡಲೇಬೇಕು. ಗೋಲ್‌ಕೀಪರ್ ಸರದಿಯ ಮೇಲೆ. ದಪ್ಪಗಿರುವ ಹುಡುಗನನ್ನೇ ಯಾವಾಗಲೂ ಗೋಲಿಗೆ ನಿಲ್ಲಿಸುವುದು ಗಲ್ಲಿ ಆಟದ ರೂಢಿ, ಕೋಚಿಂಗ್ ಅಲ್ಲ.

ಇದು ಹೇಳಲು ಸುಲಭ. ಎರಡನೇ ವರ್ಷ ನಾನೇ ತಪ್ಪಿದ್ದೆ. ಒಬ್ಬ ಹುಡುಗ, ಹಾಜರಿಯಲ್ಲಿ ಒಂದೂ ಖಾಲಿ ಇಲ್ಲ. ಒಂದು ಭಾನುವಾರದ ಟೂರ್ನಮೆಂಟ್‌ನಲ್ಲಿ ಮೂರು ಮ್ಯಾಚ್ ಗೆದ್ದೆವು, ಎಲ್ಲರಿಗೂ ಖುಷಿ. ಸಂಜೆ ಅವನ ಅಪ್ಪ ಆಟೊ ನಿಲ್ಲಿಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅವನಿಗೆ ಆಟ ಬರಲ್ವಾ ಸಾರ್?" ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ಬರಲ್ಲ ಅಂದಿದ್ದರೆ ಮನೆಯಲ್ಲಿ ಕೂರಿಸುತ್ತಿದ್ದರೇನೋ. ಮನೆಗೆ ಬಂದು ನೆನಪಿಸಿಕೊಂಡು ಲೆಕ್ಕ ಹಾಕಿದೆ. ಮೂರೂ ಮ್ಯಾಚ್ ಸೇರಿ ಅವನು ಆಡಿದ್ದು ನಾಲ್ಕು ನಿಮಿಷ. ಬೇಕು ಅಂತ ಕೂರಿಸಿರಲಿಲ್ಲ, ಗಮನಕ್ಕೇ ಬಂದಿರಲಿಲ್ಲ. ಅವತ್ತಿನಿಂದ ನಿಮಿಷದ ಲೆಕ್ಕ ಅಜ್ಜನ ಕೆಲಸ. ಅವರು ಸಮಯ ನೋಡಿ ಕೈ ಎತ್ತುತ್ತಾರೆ, ನಾನು ಬದಲಾಯಿಸುತ್ತೇನೆ. ಸ್ಕೋರ್ ಎಷ್ಟಾಗಿದೆ ಅಂತ ಅವರು ನೋಡುವುದೇ ಇಲ್ಲ, ಅದೇ ಒಳ್ಳೆಯದಾಯಿತು.

ರೆಫ್ರಿ ಬಹಳ ಸಲ ಹದಿನೇಳು, ಹದಿನೆಂಟರ ಹುಡುಗನೇ ಆಗಿರುತ್ತಾನೆ. ಆಫ್‌ಸೈಡ್ ತಪ್ಪು ಕೊಡುತ್ತಾನೆ. ಸುಮ್ಮನಿರಿ. ನೀವು ಕೈ ಎತ್ತಿ ಕೂಗಿದರೆ ಮುಂದಿನ ಫೌಲ್‌ಗೆ ನಿಮ್ಮ ಒಂಬತ್ತು ವರ್ಷದವನೂ ಅದೇ ರೀತಿ ಕೈ ಎತ್ತುತ್ತಾನೆ. ಎದುರು ತಂಡ ಐದು ಗೋಲು ಹಿಂದೆ ಬಿದ್ದಿದ್ದರೆ ನಿಮ್ಮವರಿಗೆ ಹೊಸ ಕೆಲಸ ಕೊಡಿ: ಎಡಗಾಲಿನಿಂದ ಮಾತ್ರ ಗೋಲು, ಐದು ಪಾಸ್ ಆದ ಮೇಲೆ ಮಾತ್ರ ಹೊಡೆತ. ಗಟ್ಟಿಯಾಗಿ ಹೇಳಬೇಡಿ, ಎದುರಿನವರಿಗೆ ಕೇಳಿದರೆ ಇನ್ನೂ ಅವಮಾನ.

ಸೋತ ಮೇಲೆ ಭಾಷಣ ಬೇಡ. ಮಕ್ಕಳಿಗೆ ಆಗ ಬೇಕಾಗಿರುವುದು ನೀರು ಮತ್ತು ಚಿತ್ರಾನ್ನ. ತಪ್ಪುಗಳ ಮಾತು ಮುಂದಿನ ಶನಿವಾರಕ್ಕೆ.

10. ವಯಸ್ಸಿನ ಸುಳ್ಳು

ಒಂದಲ್ಲ ಒಂದು ದಿನ ಯಾರೋ ಬಂದು, "ಹದಿನಾಲ್ಕಾಗಿದೆ ಸಾರ್, ಆದ್ರೆ ಸರ್ಟಿಫಿಕೇಟ್‌ನಲ್ಲಿ ಹನ್ನೆರಡು ಅಂತಿದೆ, ನಡಿಯುತ್ತೆ" ಅನ್ನುತ್ತಾರೆ. ನಡೆಯುವುದಿಲ್ಲ. ಭಾರತದಲ್ಲಿ ಮಕ್ಕಳ ಫುಟ್‌ಬಾಲಿಗೆ ಹತ್ತಿರುವ ಗೆದ್ದಲು ಇದು. ಮೇಲಿನ ಹಂತಕ್ಕೆ ಹೋದರೆ ಕೈಯ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಸಿಕ್ಕಿಬಿದ್ದಾಗ ಹೆಸರು ಕೆಡುವುದು ಮಗುವಿನದು, ತಿದ್ದಿದ ದೊಡ್ಡವರದಲ್ಲ. ಇದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ: ಹದಿನಾಲ್ಕರ ಹುಡುಗ ಹತ್ತರವನಿಗೆ ಗುದ್ದಿದರೆ ಏನಾಗುತ್ತದೆ ಅಂತ ಯೋಚಿಸಿ. ನೋಟ್‌ಬುಕ್‌ನಲ್ಲಿ ಹುಟ್ಟಿದ ದಿನಾಂಕ ಬರೆಯುವಾಗ ಜನನ ಪ್ರಮಾಣಪತ್ರವನ್ನೇ ನೋಡಿ ಬರೆದುಕೊಳ್ಳಿ.

11. ಎಲ್ಲರೂ ಮನೆಗೆ ಹೋಗುವವರೆಗೆ

ಆಟ ಮುಗಿದಾಗ ಕೋಚ್ ಕೆಲಸ ಮುಗಿದಿರುವುದಿಲ್ಲ. ಚೆಂಡು ಎಣಿಸಿ, ಆಮೇಲೆ ಮಕ್ಕಳನ್ನು ಎಣಿಸಿ. ಒಬ್ಬೊಬ್ಬರು ಹೋದ ಹಾಗೆ ಎರಡನೇ ಗುರುತು. ಗೊತ್ತಿಲ್ಲದ ಮಾವ, ಚಿಕ್ಕಪ್ಪ ಯಾರಾದರೂ ಬಂದರೆ ಮನೆಗೆ ಫೋನ್ ಮಾಡಿ ಕೇಳಿದ ಮೇಲೆಯೇ ಕಳಿಸಿ. ಬಂದವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಎರಡು ವಾರ ಸತತವಾಗಿ ಬರದ ಮಗುವಿನ ಮನೆಗೆ ಸೋಮವಾರ ಒಂದು ಫೋನ್. ಮಾರ್ಚ್ ಆದರೆ ಪರೀಕ್ಷೆ, ಅದು ಗೊತ್ತಿರುವ ಕಾರಣ. ಬೇರೆ ತಿಂಗಳಲ್ಲಿ ಕಾರಣ ಕೇಳಿದರೆ ಬೂಟು ಹರಿದಿರುತ್ತದೆ, ಯಾರೋ ಕೀಟಲೆ ಮಾಡಿರುತ್ತಾರೆ, ಅಮ್ಮನ ಶಿಫ್ಟ್ ಬದಲಾಗಿ ಕರೆತರಲು ಯಾರೂ ಇರುವುದಿಲ್ಲ. ಮೂರಕ್ಕೂ ಏನಾದರೂ ಮಾಡಬಹುದು.

ಕೊನೆಗೆ ಒಬ್ಬ ಉಳಿಯುತ್ತಾನೆ. ಯಾವಾಗಲೂ ಒಬ್ಬ ಉಳಿಯುತ್ತಾನೆ. ಅಪ್ಪ ಟ್ರಾಫಿಕ್‌ನಲ್ಲಿರುತ್ತಾರೆ. ಆಗ ನೀವೂ ಕೂತಿರಿ, ನಿಮ್ಮ ಎರಡನೆಯವರೂ ಕೂತಿರಲಿ. ಅವನನ್ನು "ನಿಮ್ಮಪ್ಪ ಯಾವಾಗ್ಲೂ ಲೇಟು" ಅಂತ ಚುಡಾಯಿಸಬೇಡಿ. ಒಂದು ಚೆಂಡು ಹೊರಗೇ ಇಟ್ಟುಕೊಂಡಿರಿ, ಮೂವರೂ ನಿಂತು ಪಾಸ್ ಆಡಿ. ನಮ್ಮ ಅಜ್ಜ ಪಂಚೆ ಎತ್ತಿ ಕಟ್ಟಿ ಒದೆಯುವುದು ಇಂಥ ಹೊತ್ತಿನಲ್ಲೇ. ಗೇಟಿನ ಹತ್ತಿರ ಸ್ಕೂಟರ್ ಹಾರ್ನ್ ಕೇಳಿದಾಗ ಆ ಹುಡುಗ, "ಅಂಕಲ್, ಇನ್ನೊಂದೇ ಒಂದು" ಅನ್ನುತ್ತಾನೆ. ಒಂದು ಆಡಿಸಿ ಕಳಿಸಿ, ಹೆಸರಿನ ಮುಂದೆ ಗುರುತು ಹಾಕಿ, ಚೆಂಡಿನ ಬಲೆಯನ್ನು ಗಾಡಿಗೆ ಕಟ್ಟಿ.